ಜಗಲಿಯ ಮೇಲೆ ಓದಿದ ಕಾಗದಗಳು

ಡೆನ್ ಹಾಗ್
16 ಜೂನ್ 2024

ಚಿ. ಸೌ. ಮಾಲಾಳಿಗೆ ನಿನ್ನ ಸೋದರಮಾವ ಬೈರಣ್ಣನ ಆಶೀರ್ವಾದ.

ನಾನು ಈ ಊರಿಗೆ ಕಾಲಿಟ್ಟ ದಿನ ಸಮುದ್ರ ಎರಡು ಮಾರು ಹಿಂದಕ್ಕೆ ಸರಿಯಿತು. ನಗಬೇಡ, ಕಣ್ಣಾರೆ ಕಂಡವರಿದ್ದಾರೆ. ಈ ನೆದರ್‌ಲೆಂಡ್ಸ್ ದೇಶ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ, ತಲತಲಾಂತರದಿಂದ ಏರಿ ಕಟ್ಟಿಕೊಂಡು ನೀರನ್ನು ತಡೆದಿದ್ದಾರಂತೆ. ಕೊಡಿಗೇಹಳ್ಳಿ ಕೆರೆ ಏರಿಯ ಮೇಲೆ ಎಮ್ಮೆ ಕಾದವನು ಬಂದಿದ್ದಾನೆ ಎಂದು ಆ ನೀರಿಗೆ ಯಾರು ಹೇಳಿದರೋ, ತಾನಾಗಿ ದಾರಿ ಬಿಟ್ಟಿತು.

ನಾನು ಸೇರಿದ ಹೋಟೆಲು ದೊಡ್ಡದು. ಚಾಪ್ಸ್ ತಿಂದ ಗಿರಾಕಿಗಳು ಬೆರಳು ನೆಕ್ಕಿಕೊಂಡು, ಇದನ್ನು ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳುತ್ತಾರೆ. ಅಡುಗೆಮನೆಯನ್ನು ನೆಲದ ಕೆಳಗೆ ಕಟ್ಟಿದ್ದಾರೆ, ತಂಪಾಗಿರಲಿ ಎಂದು. ಅಲ್ಲಿಂದ ನೋಡಿದರೆ ಕಿಟಕಿಯಲ್ಲಿ ಬೀದಿಯವರ ಪಾದ ಮಾತ್ರ ಕಾಣುತ್ತದೆ. ಇಷ್ಟು ಬೆಲೆಬಾಳುವ ಬೂಟುಗಳನ್ನು ನೀನು ಹುಟ್ಟಿದಾಗಿನಿಂದ ನೋಡಿರಲಾರೆ.

ನಾನಿರುವ ಮನೆಗೆ ಮೂರು ಅಂತಸ್ತು. ನನ್ನದು ತೀರ ಮೇಲೆ, ಹೆಂಚಿನ ಕೆಳಗೆ. ಮೆಟ್ಟಿಲು ಏಣಿಯ ಹಾಗೆ ಕಡಿದು. ತಲೆ ಬಗ್ಗಿಸಿ ನಡೆಯುವುದನ್ನು ನಿಮ್ಮವ್ವನ ಕೈಲಿ ನನಗೆ ಕಲಿಸಲಾಗಲಿಲ್ಲ, ಈ ಮನೆ ಒಂದೇ ವಾರದಲ್ಲಿ ಕಲಿಸಿತು.

ವಿಮಾನ ಹತ್ತುವ ದಿನ ಅಕ್ಕಯ್ಯ ಏನೆಂದಳು, ನೆನಪಿದೆಯಾ? "ಪೋನ್ನಾಗೆ ಆಡಿದ್ದು ಗಾಳಿಗೋಯ್ತದೆ ಕಣೋ. ಕಾಗ್ದ ಬರಿ, ಕೈಯಾಗಾದ್ರೂ ಇಡ್ಕಂತೀನಿ." ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ನಿಮ್ಮವ್ವನನ್ನು ಜಗಲಿಯ ಮೇಲೆ ಕೂರಿಸಿ ಗಟ್ಟಿಯಾಗಿ ಓದಬೇಕು, ಎದುರುಮನೆಯ ಗೋಪಾಲಮ್ಮನಿಗೂ ಕೇಳಿಸಲಿ. ಕಳಿಸಿಕೊಟ್ಟ ಏಜೆಂಟು ಅಮೃತಹಳ್ಳಿ ಆನಂದಪ್ಪನಿಗೆ ನಮಸ್ಕಾರ ಹೇಳು. ನಿನ್ನ ಗಂಡ ಗಿರಿ ನನ್ನ ಮಿಲಿಟರಿ ಹೋಟೆಲನ್ನು ಹೇಗೆ ನಡೆಸುತ್ತಿದ್ದಾನೆ, ಬರೆ.

ಉತ್ತರವನ್ನು ಲಕೋಟೆಯ ಹಿಂದಿರುವ ತರಕಾರಿ ಅಂಗಡಿಯ ವಿಳಾಸಕ್ಕೆ ಹಾಕು. ನನ್ನ ಮನೆಯ ಅಂಚೆ ಪೆಟ್ಟಿಗೆ ಸದಾ ತುಂಬಿರುತ್ತದೆ.

ನಿನ್ನ ಮಾಮ,
ಬೈರಣ್ಣ


ಕೊಡಿಗೇಹಳ್ಳಿ
8 ಜುಲೈ 2024

ಸಮುದ್ರ ತಳ್ಳಿದ ಮಾಮನಿಗೆ ಮಾಲಾಳ ನಮಸ್ಕಾರ.

ನಿನ್ನ ಕಾಗದವನ್ನು ಮೂರು ಸಲ ಓದಿಸಿದರು, ನನ್ನ ಗಂಟಲು ಕಟ್ಟಿದೆ. ಅವ್ವ ಮೊದಲು ಕಾಗದವನ್ನು ಮೂಸಿ ನೋಡಿದಳು. ಆಮೇಲೆ ಸಮುದ್ರದ ಮಾತು ಬಂದಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಒರೆಸಿಕೊಳ್ಳುವುದು ಯಾಕೋ ಬೇಗ ನಿಲ್ಲಲಿಲ್ಲ. ಗೋಪಾಲಮ್ಮ ಹೂ ಕಟ್ಟುತ್ತಲೇ, "ಇಲ್ಲಿದ್ದಾಗ ಬಚ್ಚಲ ನೀರ್ನೇ ಹಿಂದಕ್ ಕಳ್ಸಾಕಾಗ್ತಿರ್ಲಿಲ್ಲ, ಅಲ್ಲೋಗಿ ಸಮುದ್ರ ತಳ್ಬಿಟ್ಟಾ?" ಅಂದಳು. ಆದರೂ ಕೊನೆಯ ತನಕ ಎದ್ದು ಹೋಗಲಿಲ್ಲ.

ಹೋಟೆಲು ನಡೆಯುತ್ತಿದೆ. ಬೆಳಗಿನ ಕಾಲು ಸೂಪು ಬೇಗ ಖಾಲಿಯಾಗುತ್ತದೆ. ಚಾಪ್ಸ್ ಮಾತ್ರ ನಿನ್ನ ಕೈಯದಲ್ಲ ಎಂದು ಹಳೇ ಗಿರಾಕಿಗಳು ಗೊಣಗುತ್ತಾರೆ. ಅದನ್ನು ಕೇಳಿದ ದಿನ ಗಿರಿ ಮನೆಗೆ ಬಂದು ಊಟಕ್ಕೆ ಏಳುವುದಿಲ್ಲ.

ಆನಂದಪ್ಪ ನಮಸ್ಕಾರ ತೆಗೆದುಕೊಳ್ಳುವುದಕ್ಕೆ ತಾನೇ ಬಂದಿದ್ದ. ಜಗಲಿಯ ಮೇಲೆ ಕೂತು ಕಾಫಿ ಕುಡಿದ, ಮೂರಂತಸ್ತಿನ ಮನೆಯ ಸಾಲನ್ನು ಎರಡು ಸಲ ಓದಿಸಿಕೊಂಡ. ಹೋಗುವಾಗ ಕಾಗದದ ಫೋಟೋ ತೆಗೆದುಕೊಂಡ. "ನಮ್ ಬೈರಣ್ಣನ್ ಅಕ್ಸರ ಕಣವ್ವ, ಆಸೆ ಆಯ್ತು" ಅಂದ.

ಎಲ್ಲ ಬರೆದಿದ್ದೀಯ, ನೀನು ಅಲ್ಲಿ ಏನು ತಿನ್ನುತ್ತೀಯ ಎಂದು ಬರೆದಿಲ್ಲ. ಅವ್ವ ಕೇಳುತ್ತಿದ್ದಾಳೆ.

ಮಾಲಾ


ಡೆನ್ ಹಾಗ್
2 ಆಗಸ್ಟ್ 2024

ಚಿ. ಸೌ. ಮಾಲಾಳಿಗೆ,

ಏನು ತಿನ್ನುತ್ತೇನೆ ಎಂದು ಕೇಳಿದ್ದೀಯ. ಎಲ್ಲ ತಿನ್ನುತ್ತೇನೆ. ಇಲ್ಲಿನವರು ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡಿನೊಳಗೆ ಗಿಣ್ಣಿನಂಥದ್ದೊಂದು ಬಿಲ್ಲೆ ಇಟ್ಟು ತಿಂದು ಕೈ ಒರೆಸಿಕೊಳ್ಳುತ್ತಾರೆ, ಅದೇ ಊಟ. ಒಂದು ಹಸಿ ಮೀನನ್ನು ಈರುಳ್ಳಿಯ ಜೊತೆ ಬಾಲ ಹಿಡಿದು ಬಾಯಿಗೆ ಇಳಿಸುತ್ತಾರೆ. ನಾನೂ ಇಳಿಸಿದೆ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು ಎಂದರೆ ನಂಬುವುದಿಲ್ಲ, ಹೋಗಲಿ ಬಿಡು.

ಈಗ ನಾನು ಈ ಊರಿನವನೇ. ಸೈಕಲ್ಲಿಗೆ ಇಲ್ಲಿ ಬೇರೆ ರಸ್ತೆ, ಬೇರೆ ಸಿಗ್ನಲ್ಲು. ಮೊದಲ ದಿನ ತಪ್ಪು ಬದಿಯಲ್ಲಿ ನುಗ್ಗಿದೆ, ಒಬ್ಬಳು ಅಜ್ಜಿ ಬೆಲ್ಲು ಬಾರಿಸಿಕೊಂಡು ಬೈದಳು. ಹೆಬ್ಬಾಳದ ಫ್ಲೈಓವರಿನಲ್ಲಿ ಲಾರಿಯವರ ಬಾಯಿ ಕೇಳಿದವನಿಗೆ ಅದು ಜೋಗುಳ. ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ. ಮನೆಗಳ ದೊಡ್ಡ ಕಿಟಕಿಗೆ ಪರದೆ ಇಲ್ಲ, ಒಳಗೆ ದೀಪ ಹಚ್ಚಿಕೊಂಡು ಊಟಕ್ಕೆ ಕೂತಿರುತ್ತಾರೆ. ಬೀದಿಯಲ್ಲಿ ಹೋಗುವವನು ನೋಡಬಹುದು, ನಿಲ್ಲಬಾರದು. ಒಂದು ಸಲ ನಿಂತುಬಿಟ್ಟಿದ್ದೆ. ಒಳಗಿದ್ದ ಹೆಂಗಸು ಕೈ ಬೀಸಿದಳು, ಬಾ ಎಂದೋ ಹೋಗು ಎಂದೋ ತಿಳಿಯದೆ ಸೈಕಲ್ಲು ತುಳಿದೆ.

ತರಕಾರಿ ಅಂಗಡಿಯಮ್ಮ ಒಳ್ಳೆಯವಳು. ನುಗ್ಗೆಕಾಯಿ, ಹಾಗಲಕಾಯಿ ಎಲ್ಲ ಇಟ್ಟಿದ್ದಾಳೆ. ಅವಳ ಮುತ್ತಜ್ಜನನ್ನು ನಮ್ಮ ದೇಶದಿಂದ ಕಬ್ಬಿನ ತೋಟದ ಕೂಲಿಗೆಂದು ಹಡಗಿನಲ್ಲಿ ಸುರಿನಾಮ್ ಎಂಬ ಕಡೆಗೆ ಸಾಗಿಸಿದ್ದರಂತೆ, ಆಮೇಲೆ ಇವರು ಇಲ್ಲಿಗೆ ಬಂದರಂತೆ. ಅವಳದು ಒಂಥರಾ ಹಿಂದಿ, ನನ್ನದು ಶಿವಾಜಿನಗರದ ಹಿಂದಿ, ಹೇಗೋ ಹೊಂದುತ್ತದೆ. ಆ ಮುತ್ತಜ್ಜನಿಗೂ ಊರಿನಲ್ಲಿ ಏಜೆಂಟನೊಬ್ಬ ಸಿಕ್ಕಿದ್ದನಂತೆ. ಅದನ್ನು ಹೇಳಿ ಯಾಕೋ ನನ್ನ ಮುಖವನ್ನೇ ನೋಡಿದಳು. ನಾನು ಬೆಂಡೆಕಾಯಿ ಮುರಿದು ನೋಡುತ್ತಾ ನಿಂತೆ.

ಗೌರಿ ಹಬ್ಬಕ್ಕೆ ಅಕ್ಕಯ್ಯನಿಗೆ ತವರಿನ ಅರಿಶಿನ ಕುಂಕುಮಕ್ಕೆ ಹಣ ಬರುತ್ತದೆ. ತಮ್ಮ ದೂರ ಹೋದ ಎಂದು ಬಾಗಿನ ತಪ್ಪಬಾರದು. ರೇಷ್ಮೆ ಸೀರೆಯೇ ತೆಗೆದುಕೊಳ್ಳಲಿ, ಬೀದಿಯವರು ನೋಡಲಿ.

ಬೈರಣ್ಣ


ಕೊಡಿಗೇಹಳ್ಳಿ
10 ಸೆಪ್ಟೆಂಬರ್ 2024

ಮಾಮನಿಗೆ ನಮಸ್ಕಾರ.

ಹಣ ಬಂತು. ಅವ್ವ ಹಸಿರು ಸೀರೆ ತೆಗೆದುಕೊಂಡಳು. ಗೌರಿ ಪೂಜೆಗೆ ಉಟ್ಟವಳು ಸಂಜೆಯ ತನಕ ಬಿಚ್ಚಲಿಲ್ಲ. ಪಾತ್ರೆಯನ್ನೂ ಅದರಲ್ಲೇ ತೊಳೆದಳು. ಬೇಕೆಂದೇ ಬೀದಿ ನಲ್ಲಿಯ ಹತ್ತಿರ ಹೋಗಿ ತೊಳೆದಳು. "ಯಾರ್ ಕೊಟ್ಟಿದ್ದು ಯಲ್ಲಮ್ಮ?" ಎಂದು ಯಾರಾದರೂ ಕೇಳಲಿ ಎಂದು ಕಾದಿದ್ದಳು. ಕೇಳಿದರು.

ಈ ಸಲ ಕಾಗದ ಓದುವಾಗ ಜಗಲಿ ಸಾಲಲಿಲ್ಲ, ಕೆಲವರು ಬೈಕಿನ ಮೇಲೆಯೇ ಕೂತು ಕೇಳಿದರು. ಆನಂದಪ್ಪ ಅಮೃತಹಳ್ಳಿಯಿಂದ ಇಬ್ಬರನ್ನು ಕರೆದುಕೊಂಡು ಬಂದಿದ್ದ. ಒಬ್ಬ ವಾಜಿದ್ ಅಂತ, ಗ್ಯಾರೇಜಿನವನು, ಎರಡು ಮಕ್ಕಳ ತಂದೆ. ಪಾಪ, ಶಾಲೆಯ ಹುಡುಗನ ಹಾಗೆ ಮುಂದೆಯೇ ಕೂತಿದ್ದ. ಸೀರೆಯನ್ನು ತೋರಿಸಿ ಆನಂದಪ್ಪ, "ನೋಡಪ್ಪಾ, ನಾನ್ ಬಾಯ್ಮಾತ್ನಾಗ್ ಏಳ್ತಿಲ್ಲ. ನಾಲ್ಕ್ ತಿಂಗ್ಳಾಗಿಲ್ಲ ಓಗಿ, ಅಕ್ಕಂಗೆ ರೇಷ್ಮೆ" ಅಂದ. ನಿನ್ನ ಕಾಗದದ ಫೋಟೋ ಈಗ ಅವನ ಫೋನಿನಲ್ಲಿ ಎಲ್ಲರಿಗೂ ಹೋಗುತ್ತದಂತೆ.

ಇನ್ನೊಂದು ಮಾತು. ಗಿರಿ ಎರಡು ವಾರದಿಂದ ಸೌಟು ಹಿಡಿದು ಎಲ್ಲೋ ನೋಡುತ್ತಾನೆ. ನಿನ್ನೆ ಮುದ್ದೆ ಗಂಟು ಬಿದ್ದಿತ್ತು, ಅವನ ಕೈಯಲ್ಲಿ! ಅವ್ವ ಮದುವೆಯಲ್ಲಿ ನನ್ನ ಹೆಸರಿಗೆ ಬರೆದಳಲ್ಲ ಕೋಗಿಲು ಹಳ್ಳಿಯ ಸೈಟು, ಅದಕ್ಕೆ ಈಗ ಏನು ಬೆಲೆ ಇದೆ ಎಂದು ಸುಮ್ಮನೆ ಕೇಳಿದ ಹಾಗೆ ಕೇಳುತ್ತಾನೆ. ನೀನು ಒಂದು ಮಾತು ಬರೆದರೆ ಕೇಳುತ್ತಾನೆ. ನಿನ್ನ ಒಲೆಯ ಮುಂದೆ ಬೆಳೆದವನು.

ಮಾಲಾ


ಡೆನ್ ಹಾಗ್
6 ಅಕ್ಟೋಬರ್ 2024

ಚಿ. ಸೌ. ಮಾಲಾಳಿಗೆ,

ಅಕ್ಕಯ್ಯ ಹೊಸ ಸೀರೆಯಲ್ಲಿ ಪಾತ್ರೆ ತೊಳೆದದ್ದು ಓದಿ ಒಬ್ಬನೇ ನಕ್ಕೆ. ಜರಿ ಕಪ್ಪಾಗುತ್ತದೆ ಎಂದು ಹೇಳು.

ಇಲ್ಲಿ ಮಳೆ ಶುರುವಾಗಿದೆ. ನಮ್ಮ ಮಳೆಯ ಹಾಗೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬಂದು ಹೊಡೆಯುತ್ತದೆ. ಛತ್ರಿ ಒಂದೇ ಗಾಳಿಗೆ ತಿರುಗಿ ಹೂದಾನಿಯಾಗುತ್ತದೆ. ಬೇಸಿಗೆಯಲ್ಲಿ ಮುಳುಗಲಾರೆ ಎನ್ನುತ್ತಿದ್ದ ಸೂರ್ಯ ಈಗ ಹಾಜರಿ ಹಾಕಿ ಹೋಗುವ ಮೇಷ್ಟರ ಹಾಗೆ. ಯಾರ ಮನೆಗೆ ಹೋಗಬೇಕಾದರೂ ಎರಡು ವಾರ ಮೊದಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಬೇಕು. ನಾನು ಯಾರನ್ನೂ ಇನ್ನೂ ಕೇಳಿಲ್ಲ, ಪುರುಸೊತ್ತಿಲ್ಲ.

ಅಳಿಯನಿಗೆ ಹೇಳು, ಹೋಟೆಲು ಬಿಡಬಾರದು. ಇದು ಎಲ್ಲರಿಗೂ ಒಗ್ಗುವ ಊರಲ್ಲ. ಇಲ್ಲಿ ನಿಲ್ಲಬೇಕಾದರೆ ನನ್ನಂಥ ಎದೆ ಬೇಕು. ಅವನು ಮೃದು, ನೆಗಡಿ ಬಂದರೆ ಮಲಗುವವನು. ನಾನು ಹೇಗೋ ಗೆದ್ದುಕೊಂಡಿದ್ದೇನೆ, ಎಲ್ಲರೂ ಬೈರಣ್ಣನಾಗುವುದಕ್ಕೆ ಆಗುತ್ತದೆಯೇ?

ಆನಂದಪ್ಪನನ್ನು ಜಗಲಿಗೆ ಅಷ್ಟು ಸೇರಿಸಬೇಡ. ಕಾಫಿಪುಡಿ ಏನು ಬೆಲೆ ಈಗ!

ಬೈರಣ್ಣ


ಕೊಡಿಗೇಹಳ್ಳಿ
4 ನವೆಂಬರ್ 2024

ಮಾಮನಿಗೆ,

ದೀಪಾವಳಿಗೆ ನಿನ್ನ ಕಾಗದವೇ ಪಟಾಕಿಯಾಯಿತು. ಓದಿ ಮುಗಿಸುವಷ್ಟರಲ್ಲಿ ಗಿರಿ ಚಪ್ಪಲಿ ಮೆಟ್ಟಿದ್ದ.

"ನಿಮ್ ಮಾಮಂಗೆ ನಾನ್ ಮೇಲ್ ಬರೋದು ಇಷ್ಟ ಇಲ್ಲ ಕಣೆ. ಒಲೆ ಊದಾಕ್ ಇಟ್ಕಂಡಿದ್ನಲ್ಲ, ಒಲೆ ಊದ್ಕಂಡೇ ಇರ್ಲಿ ಅಂತಾವ್ನೆ. ನಾನ್ ಮೃದುವಂತೆ!"

ಆನಂದಪ್ಪ ಜಗಲಿಯ ಕಂಬಕ್ಕೆ ಒರಗಿಕೊಂಡು ನಕ್ಕ. "ಒಬ್ನೇ ತಿನ್ನಾಕ್ ನೋಡ್ತಾವ್ನೆ ಗಿರಿ. ಎಲ್ರೂ ಇಂಗೇ. ಮೇಲಕ್ ಓದೋರು ಇಂದೆ ಏಣಿ ಎಳ್ಕಂತಾರೆ" ಅಂದ. ಕಾಫಿಪುಡಿಯ ಮಾತಿಗೂ ನಕ್ಕ, ಮರುದಿನ ಅರ್ಧ ಕೇಜಿ ತಂದು ಅವ್ವನ ಕೈಗೆ ಕೊಟ್ಟ. ಅವ್ವನಿಗೆ ನಿನ್ನ ಮೇಲೆ ಕೋಪ. "ಬಂದೋರ್ಗೆ ಕಾಪಿ ಕೊಡ್ಬ್ಯಾಡ ಅನ್ನೋಷ್ಟು ದೊಡ್ಡೋನಾದ್ನಾ ನನ್ ತಮ್ಮ?"

ನಾಲ್ಕು ಲಕ್ಷ ಸಾಕು, ಬೈರಣ್ಣನೂ ಅಷ್ಟೇ ಕೊಟ್ಟದ್ದು, ಐದೇ ತಿಂಗಳಿಗೆ ವಾಪಸು ಬಂತು ಎಂದು ಆನಂದಪ್ಪ ಹೇಳುತ್ತಾನೆ. ವಾಜಿದ್ ಆಗಲೇ ಕೊಟ್ಟನಂತೆ.

ಈ ಕೆಳಗಿನದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ಓದಿ ಹೇಳಿಲ್ಲ.

ಮಾಮ, ನೀನು ನನ್ನನ್ನು ಎತ್ತಿ ಆಡಿಸಿದವನು. ನಿನ್ನ ಬುರುಡೆ ಯಾವುದು, ನಿಜ ಯಾವುದು ಎಂದು ನನಗೆ ಚಿಕ್ಕಂದಿನಿಂದ ಗೊತ್ತಾಗುತ್ತದೆ. ಈ ಸಲ ಗೊತ್ತಾಗುತ್ತಿಲ್ಲ. ಸೀರೆ ನಿಜ, ಅದು ಮಾತ್ರ ಕೈಗೆ ಸಿಗುತ್ತದೆ. ಗಿರಿ ಹೋಗಬೇಕಾದರೆ ಸೈಟು ಮಾರಬೇಕು, ಮಾರುವುದಕ್ಕೆ ನನ್ನ ಸಹಿ ಬೇಕು. ನಾನು ಈಗ ತಡೆದಿದ್ದೇನೆ. ನಿನ್ನ ಉತ್ತರ ಬರುವ ತನಕ ತಡೆಯುತ್ತೇನೆ. ಬೇಡ ಎನ್ನುವುದಾದರೆ ಬೇಡ ಎಂದು ಬರೆ. ಯಾಕೆ ಬೇಡ ಎಂದು ಬರೆ. ಚಳಿ, ಮಳೆ, ನೆಗಡಿ ಬೇಡ. ನೀನು ಅಲ್ಲಿ ಹೇಗಿದ್ದೀಯ? ನಿಜ ಬರೆದರೆ ನಾನು ಜಗಲಿಯಲ್ಲಿ ಓದುವುದಿಲ್ಲ, ಗಿರಿಗೊಬ್ಬನಿಗೆ ತೋರಿಸಿ ಒಲೆಗೆ ಹಾಕುತ್ತೇನೆ. ಅವ್ವನ ಆಣೆ.

ಮಾಲಾ


ಡೆನ್ ಹಾಗ್
1 ಡಿಸೆಂಬರ್ 2024

ಚಿ. ಸೌ. ಮಾಲಾಳಿಗೆ,

ಕ್ಷೇಮ. ಅಕ್ಕಯ್ಯನ ಕೋಪ ಇಳಿದಿರಬಹುದು. ಆನಂದಪ್ಪ ಕಾಫಿಪುಡಿ ತಂದುಕೊಟ್ಟದ್ದು ಒಳ್ಳೆಯದಾಯಿತು.

ಕಾಲುವೆಯ ಮೇಲೆ ಇನ್ನೂ ಮಂಜುಗಡ್ಡೆ ಕಟ್ಟಿಲ್ಲ, ಕಟ್ಟಿದರೆ ಅದರ ಮೇಲೆ ಜಾರಿಕೊಂಡು ಆಡುತ್ತಾರಂತೆ. ಬೀದಿಯಲ್ಲೆಲ್ಲ ದೀಪ ಕಟ್ಟಿದ್ದಾರೆ. ಹೋಟೆಲಿನಲ್ಲಿ ಜನವೋ ಜನ, ಕೈಗೆ ಬಿಡುವಿಲ್ಲ. ಬೆರಳು ನೀರಿನಲ್ಲೇ ಇರುವುದರಿಂದ ಅಕ್ಷರ ಹೀಗಿದೆ, ಕ್ಷಮಿಸು.

ನಿನ್ನ ಬೇರೆ ಹಾಳೆಗೆ ಉತ್ತರ: ಬರುವುದಾದರೆ ಬೇಸಿಗೆಗೆ ಬರಲಿ, ಚಳಿ ಕಳೆಯಲಿ. ಅವಸರವೇನಿದೆ? ನಾನಿದ್ದೇನಲ್ಲ.

ಬೈರಣ್ಣ


ಕೊಡಿಗೇಹಳ್ಳಿ
17 ಜನವರಿ 2025

ಮಾಮನಿಗೆ,

ಸಂಕ್ರಾಂತಿಯ ದಿನ ನೀನು ಫೋನು ಮಾಡಿದಾಗ ಮನೆಯ ತುಂಬ ಜನ. ಗಿರಿಯನ್ನು ಹರಸುವುದಕ್ಕೆ ಬಂದವರು. ಅವ್ವ, "ಸುಮ್ಕಿರ್ರೋ, ನನ್ ತಮ್ಮ ಫಾರಿನ್‌ನಿಂದ ಮಾತಾಡ್ತಾವ್ನೆ" ಎಂದು ಎಲ್ಲರನ್ನೂ ಗದರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಎಳ್ಳು ಬೀರಿದಿರಾ ಎಂದು ಕೇಳಿದೆಯಂತೆ. ಆಮೇಲೆ ನೀನು ಮಾತಾಡಲೇ ಇಲ್ಲವಂತೆ. ಹಬ್ಬದ ದಿನ ಊರು ನೆನಪಾಗಿ ಅಳು ಬಂದಿರಬೇಕು ಎಂದು ಅವ್ವ ತಾನೂ ಅತ್ತಳು. ಗಿರಿಯ ವಿಷಯ ಹೇಳುವಷ್ಟರಲ್ಲಿ ಕಟ್ಟಾಯಿತು.

ಅದನ್ನೇ ಈಗ ಬರೆಯುತ್ತಿದ್ದೇನೆ. ಕೋಗಿಲಿನ ಸೈಟು ಮಾರಿದೆವು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟಿನ ಗುರುತು ಕೊಡುವಾಗ ಮೆಷಿನ್ನು ನನ್ನ ಬೆರಳನ್ನು ಎರಡು ಸಲ ಒಪ್ಪಲಿಲ್ಲ. ಒರೆಸಿ ಮತ್ತೆ ಇಡಿ ಅಂದರು. ಇಟ್ಟೆ. ನಾಲ್ಕು ಎಂದದ್ದು ನಾಲ್ಕರಲ್ಲಿ ನಿಲ್ಲಲಿಲ್ಲ. ವೀಸಾಕ್ಕೆ, ಬ್ಯಾಂಕಿನಲ್ಲಿ ತೋರಿಸುವುದಕ್ಕೆ, ಅಲ್ಲಿನ ಹೋಟೆಲಿನವರಿಗೆ ಎಂದು ಒಂದೊಂದೇ ಹೊಸದಾಗಿ ಬಂತು. ಸೈಟಿನ ದುಡ್ಡು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಬೇಸಿಗೆಯ ತನಕ ಜಾಗ ಕಾಯುವುದಿಲ್ಲ ಎಂದು ಆನಂದಪ್ಪ ಅಂದ. ಹೋಟೆಲಿನ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟೆವು. ನಿನ್ನ ದೊಡ್ಡ ಹಂಡೆಯನ್ನು ಮಾತ್ರ ಮನೆಗೆ ತಂದಿಟ್ಟುಕೊಂಡಿದ್ದೇನೆ.

ಗಿರಿ ಫೆಬ್ರವರಿ ಎರಡಕ್ಕೆ ಹೊರಡುತ್ತಾನೆ. ಈ ಕಾಗದಕ್ಕಿಂತ ಮೊದಲು ಅವನೇ ನಿನ್ನ ಬಾಗಿಲಲ್ಲಿ ನಿಂತಿದ್ದರೂ ನಿಂತಿರಬಹುದು. ಆಗ ಅವನಿಗೆ ಬಿಸಿಯಾಗಿ ಏನಾದರೂ ಹಾಕು, ವಿಮಾನದ ಊಟ ಅವನಿಗೆ ಆಗುವುದಿಲ್ಲ.

ಮಾಮ, ನಾನು ಎರಡು ತಿಂಗಳು ಒಬ್ಬಳೇ ತಡೆದೆ. ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ನಿನ್ನ ಉತ್ತರ ಬಂತು, 'ಬರಲಿ' ಎಂದಿತ್ತು, 'ನಾನಿದ್ದೇನಲ್ಲ' ಎಂದಿತ್ತು. ನೀನು ನನಗೆ ಬೇರೆ ಹಾಳೆಯಲ್ಲಿ ಸುಳ್ಳು ಬರೆಯುವವನಲ್ಲ. ಅದಕ್ಕೇ ಸಹಿ ಹಾಕಿದೆ.

ಅವನನ್ನು ನೋಡಿಕೋ.

ಮಾಲಾ


ಡೆನ್ ಹಾಗ್
19 ಜನವರಿ 2025

ಮಾಲಾ,

ನವೆಂಬರಿನ ನಿನ್ನ ಕಾಗದವಾದ ಮೇಲೆ ಏನೂ ಬಂದಿಲ್ಲ. ಅಂದರೆ ನೀನು ಇನ್ನೂ ತಡೆದಿದ್ದೀಯ. ಬೇಸಿಗೆಗೆ ಎಂದು ನಾನು ಬರೆದದ್ದು ಒಳ್ಳೆಯದೇ ಆಯಿತು, ಇನ್ನೂ ಹೊತ್ತಿದೆ. ಈ ಕಾಗದವನ್ನು ಒಲೆಗೆ ಹಾಕಬೇಡ. ಜಗಲಿಯಲ್ಲೇ ಓದು, ಎಲ್ಲರನ್ನೂ ಕರೆ, ಆನಂದಪ್ಪ ಇದ್ದರೆ ಇನ್ನೂ ಒಳ್ಳೆಯದು.

ಸಂಕ್ರಾಂತಿಗೆ ಎರಡು ದಿನ ಮೊದಲು ತರಕಾರಿ ಅಂಗಡಿಯಮ್ಮ ನನಗೆ ಹೇಳಿ ಕಳಿಸಿದಳು, ನಿನ್ನನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದು. ಹೋದೆ. ಮೂಲಂಗಿ ಬುಟ್ಟಿಯ ಪಕ್ಕದಲ್ಲಿ ತೆಳುವಾದ ಜರ್ಕಿನ್ನು ಹಾಕಿಕೊಂಡು ಒಬ್ಬ ನಡುಗುತ್ತಾ ನಿಂತಿದ್ದ. ಫೋನು ತೆಗೆದು ನನ್ನ ಮುಂದೆ ಹಿಡಿದ. ಅದರಲ್ಲಿ ನನ್ನದೇ ಅಕ್ಷರ, ಕೆಳಗೆ ಲಕೋಟೆಯ ವಿಳಾಸ.

"ಬೈರಣ್ಣ ಅಲ್ವಾ? ನಾನು ವಾಜಿದ್, ಅಮೃತಹಳ್ಳಿ. ನಿಮ್ ಅಕ್ಕನ್ ಮನೆ ಜಗ್ಲಿ ಮೇಲೆ ಕೂತು ನಿಮ್ ಕಾಗ್ದ ಕೇಳಿದ್ದೀನಿ ಅಣ್ಣಾ. ಹೋಟ್ಲವ್ರು ಆನಂದಪ್ಪ ಅಂದ್ರೆ ಯಾರು ಅಂತಾರೆ. ನೀವ್ ಒಂದ್ಸಲ ಹೇಳಿ ಅವ್ರಿಗೆ. ನಿಮ್ ಮಾತು ಕೇಳ್ತಾರಲ್ವಾ?"

ಅವನನ್ನು ನನ್ನ ಮನೆಗೆ ಕರೆದುಕೊಂಡು ಹೋದೆ, ಇನ್ನೆಲ್ಲಿಗೆ ಕರೆದುಕೊಂಡು ಹೋಗಲಿ? ಮೇಲೆ ಬಂದವನು ಹಾಸಿಗೆಗಳನ್ನು ಎಣಿಸಿದ. ಆ ಮಾಡಿನ ಕೆಳಗೆ ನೆಟ್ಟಗೆ ನಿಲ್ಲುವುದಕ್ಕೂ ಆಗುವುದಿಲ್ಲ, ಬಗ್ಗಿ ನಿಂತ. ನಾಲ್ಕು ಹಾಸಿಗೆ, ಎಂಟು ಜನ. ಹಗಲು ಕೆಲಸದವರು ಎದ್ದು ಹೋದ ಜಾಗದಲ್ಲಿ ರಾತ್ರಿ ಕೆಲಸದವರು ಬಂದು ಮಲಗುತ್ತೇವೆ. ಹಾಸಿಗೆ ಯಾವಾಗಲೂ ಬೇರೆಯವರ ಮೈಯಿಂದ ಬೆಚ್ಚಗಿರುತ್ತದೆ, ಇಲ್ಲಿ ನನಗೆ ಸಿಗುವ ಬಿಸಿ ಅದೊಂದೇ. ಕೆಳಗಿನ ಬಾಗಿಲ ಗಂಟೆಯ ಮೇಲೆ ನಮ್ಮ ಯಾರ ಹೆಸರೂ ಇಲ್ಲ. ಈ ಊರಿನಲ್ಲಿ ಬಾಗಿಲ ಮೇಲೆ ಹೆಸರಿಲ್ಲದವನಿಗೆ ಡಾಕ್ಟರಿಲ್ಲ, ಬ್ಯಾಂಕಿಲ್ಲ, ಅವನು ಇದ್ದಾನೆ ಎಂದು ಹೇಳುವುದಕ್ಕೆ ಏನೂ ಇಲ್ಲ.

ನಾನು ಇಲ್ಲಿ ಒಂದು ದಿನವೂ ಚಾಪ್ಸ್ ಮಾಡಿಲ್ಲ. ಒಂದು ದಿನವೂ ಸೌಟು ಹಿಡಿದಿಲ್ಲ. ಆನಂದಪ್ಪ ಕೊಡಿಸಿದ್ದು ಮೂರು ತಿಂಗಳು ಊರು ನೋಡಿಕೊಂಡು ಹೋಗುವವರ ವೀಸಾ. ಅದು ಗೌರಿ ಹಬ್ಬಕ್ಕೆ ಮೊದಲೇ ಮುಗಿಯಿತು. ವಾಜಿದ್‌ನನ್ನು ಓಡಿಸಿದ ಹಾಗೆಯೇ ಹೋಟೆಲಿನವನು ನನ್ನನ್ನೂ ಮೊದಲ ದಿನ ಬಾಗಿಲಿಂದಲೇ ಓಡಿಸಿದ. ನಾನು ಹೋಗಲಿಲ್ಲ, ಹಿಂದಿನ ಬಾಗಿಲಲ್ಲಿ ಕೂತುಬಿಟ್ಟೆ. ಆಮೇಲೆ ಪಾತ್ರೆ ತೊಳೆಯುವುದಕ್ಕೆ ಇಟ್ಟುಕೊಂಡ. ಪಾಸ್‌ಪೋರ್ಟು ಅವನ ಹತ್ತಿರ ಇದೆ. ಬೀದಿಯಲ್ಲಿ ಪೊಲೀಸಿನವರ ಸೈಕಲ್ಲು ಕಂಡರೆ ನಾನು ಅಂಗಡಿಯ ಗಾಜಿನೊಳಗೆ ಏನೋ ನೋಡುವವನ ಹಾಗೆ ನಿಲ್ಲುತ್ತೇನೆ. ಅಕ್ಕಯ್ಯನ ಸೀರೆಯ ಹಣ ತರಕಾರಿ ಅಂಗಡಿಯಮ್ಮನಿಂದ ಬೇಡಿ ತಂದದ್ದು. ಇವತ್ತಿಗೂ ಬೆಳಿಗ್ಗೆ ಅವಳ ಮೂಟೆ ಇಳಿಸಿ ತೀರಿಸುತ್ತಿದ್ದೇನೆ.

ಸಂಕ್ರಾಂತಿಯ ದಿನ ಫೋನು ಮಾಡಿದ್ದು ಇದನ್ನು ಹೇಳುವುದಕ್ಕೆ. ಅಕ್ಕಯ್ಯ ಆ ಕಡೆ ಜನರನ್ನು ಗದರಿಸಿ ಸುಮ್ಮನಿರಿಸಿದಳು. ಅಷ್ಟು ಜನ ನನ್ನ ಮಾತಿಗಾಗಿ ಸುಮ್ಮನಾದರಲ್ಲ, ಆ ನಿಶ್ಶಬ್ದದೊಳಗೆ ಇದನ್ನು ಹಾಕುವುದಕ್ಕೆ ನನ್ನ ಕೈಲಾಗಲಿಲ್ಲ.

ನಿನ್ನ ಬೇರೆ ಹಾಳೆಯ ಮಾತು ಹೇಳುತ್ತೇನೆ. ಅದನ್ನು ಅಂಗಿಯ ಜೇಬಿನಲ್ಲಿ ಐದು ದಿನ ಇಟ್ಟುಕೊಂಡಿದ್ದೆ. ಬೇಡ ಎಂದು ಬರೆದೆ. ಹರಿದೆ. ನಾಚಿಕೆ ಎಂದುಕೊಳ್ಳಬೇಡ, ನಾಚಿಕೆಯನ್ನು ಹೇಗೋ ನುಂಗುತ್ತಿದ್ದೆ. ಗಿರಿ ಬರಲಿ ಎಂದು ನನಗೇ ಆಸೆಯಾಯಿತು ಮಾಲಾ. ಮಾತಾಡುವುದಕ್ಕೆ ನಮ್ಮವನು ಒಬ್ಬ. ಇಬ್ಬರಾದರೆ ಎಲ್ಲಾದರೂ ಒಂದು ಒಲೆ ಹೊಂದಿಸಿಕೊಂಡು ಒಂದು ದಿನ ಮುದ್ದೆ ಮಾಡಬಹುದು, ಅವನು ತಿರುವಿದರೆ ನಾನು ಕಟ್ಟಬಹುದು ಎಂದು ಅನ್ನಿಸಿತು. ಅಷ್ಟಕ್ಕೆ ನಿನ್ನ ಗಂಡನನ್ನು ಕರೆದೆ. ವಾಜಿದ್ ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತು, ಮಕ್ಕಳ ಜೊತೆ ಫೋನಿನಲ್ಲಿ, "ಮೂರಂತಸ್ತಿನ ಮನೆ ಬೇಟಾ, ಮೇಲ್ಗಡೆ ನಂದೇ" ಎನ್ನುವುದನ್ನು ಕೇಳುವ ತನಕ ನಾನು ಏನು ಮಾಡಿದ್ದೇನೆ ಎಂದು ನನಗೆ ತಿಳಿಯಲಿಲ್ಲ. ಅದು ನನ್ನ ಮಾತು. ಅವನ ಬಾಯಲ್ಲಿತ್ತು.

ವಾಪಸು ಬಾ ಎನ್ನುತ್ತೀಯ. ಬರಬಹುದು, ಪೊಲೀಸಿನವರ ಹತ್ತಿರ ಹೋಗಿ ನಿಂತರೆ ಅವರೇ ಕಳಿಸುತ್ತಾರಂತೆ. ಬಂದು ಯಾರ ಮುಂದೆ ಕೂರಲಿ? ವಾಜಿದ್‌ನ ಹೆಂಡತಿ ಅಮೃತಹಳ್ಳಿಯಿಂದ ನಮ್ಮ ಬೀದಿಗೆ ನಡೆದುಕೊಂಡೇ ಬರುವಷ್ಟು ಹತ್ತಿರ.

ಗಿರಿ ಮೃದು ಎಂದು ಬರೆದದ್ದು ಸುಳ್ಳು, ನನಗಿಂತ ಗಟ್ಟಿ ಅವನು. ಆದರೂ ಇಲ್ಲಿ ಅವನು ಉಳಿಯುವುದಿಲ್ಲ. ಸೈಟು ಮಾರಬೇಡ, ಸಹಿ ಹಾಕಬೇಡ. ಅವನು ಹೊಡೆದರೂ ಹಾಕಬೇಡ.

ನಾಲ್ಕು ಲಕ್ಷ, ಅದೂ ವಾಪಸು ಬಂತು ಎಂದು ಆನಂದಪ್ಪ ಹೇಳಿದರೆ ಈ ಸಾಲನ್ನು ಅವನ ಮುಖ ನೋಡಿಕೊಂಡು ಓದು. ಅಕ್ಕಯ್ಯನಿಗೂ ನಾನು ಇಷ್ಟು ದಿನ ನಾಲ್ಕು ಎಂದೇ ಹೇಳಿದ್ದೆ. ಒಂದು ರೂಪಾಯಿಯೂ ವಾಪಸು ಬಂದಿಲ್ಲ. ಕೆರೆ ಕೆಳಗಿನ ನನ್ನ ಪಾಲಿನ ಜಾಗ, ಹೋಟೆಲಿನ ಮೇಲೆ ಎತ್ತಿದ ಸಾಲ, ಕೂಡಿಟ್ಟದ್ದು, ಎಲ್ಲ ಸೇರಿ ಅವನ ಕೈಗೆ ನಾನು ಕೊಟ್ಟು ಕಳೆದುಕೊಂಡದ್ದು ಹದಿನೇಳು ಲಕ್ಷದ ಅರವತ್ತು ಸಾವಿರ ರೂಪಾಯಿ.